ಮೂವತ್ತೆರಡು ಬಿಟ್ಟಿನ ಹೆಪ್ಪು

ಫೈಲು ಕಣ್ಣೆದುರೇ ಇತ್ತು. ಹೆಸರು ಸರಿಯಿತ್ತು, ಗಾತ್ರ ಸರಿಯಿತ್ತು, ಚಲಾಯಿಸುವ ಅನುಮತಿಯನ್ನೂ ಕೊಟ್ಟಿದ್ದೆ. ಆದರೂ ಎಂಟರ್ ಒತ್ತಿದಾಗಲೆಲ್ಲ ಪರದೆಯ ಮೇಲೆ ಅದೇ ಉತ್ತರ: ಅಂಥ ಫೈಲೇ ಇಲ್ಲ. ಪಟ್ಟಿ ತೆಗೆಸಿದರೆ ಇದೆ ಅನ್ನುತ್ತಿತ್ತು, ಕೆಲಸಕ್ಕೆ ಕರೆದರೆ ಇಲ್ಲ ಅನ್ನುತ್ತಿತ್ತು. ದೊಡ್ಡ ಮನೆಗೆ ಕಿರಿಯ ಸೊಸೆಯಾಗಿ ಬಂದವಳಿಗೆ ಈ ಬಗೆಯ ಉತ್ತರ ಹೊಸದೇನಲ್ಲ. ಯಂತ್ರದಿಂದ ಮಾತ್ರ ನಾನು ಅದನ್ನು ನಿರೀಕ್ಷಿಸಿರಲಿಲ್ಲ.

ನಮ್ಮದು ಕಾಗವಾಡದ ಕಡೆಯ ಊರು. ದ್ರಾಕ್ಷಿ ತೋಟ ಎರಡು ಭಾಗ. ಮೇಲಿನದು ದೊಡ್ಡದು, ಗಾಳಿ ಚೆನ್ನಾಗಿ ಆಡುತ್ತದೆ. ಕೆಳಗಿನ ತುಕಡಿ ತಗ್ಗಿನಲ್ಲಿದೆ, ಅಲ್ಲಿ ಬಿದ್ದ ನೀರು ಬೇಗ ಆರುವುದಿಲ್ಲ. ಆ ತುಕಡಿಯ ನಡುವೆ ಹವಾಮಾನ ಅಳೆಯುವ ಒಂದು ಕಂಬ ನೆಟ್ಟಿದ್ದೆವು. ಅದರ ತುದಿಯಲ್ಲಿ ಎಲೆಯಾಕಾರದ ಒಂದು ಬಿಳಿ ತಗಡು. ನಿಜವಾದ ಎಲೆ ಎಷ್ಟು ಹೊತ್ತು ಒದ್ದೆಯಾಗಿರುತ್ತದೋ ಅದೂ ಅಷ್ಟೇ ಹೊತ್ತು ಒದ್ದೆಯಾಗಿರುತ್ತದೆ. ಆ ಲೆಕ್ಕ ಮನೆಯ ಪಡಸಾಲೆಯಲ್ಲಿರುವ ಒಂದು ಪುಟ್ಟ ಪೆಟ್ಟಿಗೆಗೆ ಬರುತ್ತದೆ, ಪೆಟ್ಟಿಗೆಯಿಂದ ವೈರಿನ ಮೂಲಕ ಕಂಪ್ಯೂಟರಿಗೆ. ಚಾಟಣಿ, ಅಂದರೆ ಬಳ್ಳಿ ಸವರುವ ಕೆಲಸ ಮುಗಿದು ಹೊಸ ಚಿಗುರು ಬಂದ ಮೇಲೆ ಈ ಲೆಕ್ಕಕ್ಕೆ ಬೆಲೆ. ಎಳೆ ಎಲೆ ಹೆಚ್ಚು ಹೊತ್ತು ಒದ್ದೆಯಾಗಿದ್ದರೆ ದಾವಣ್ಯಾ ರೋಗ ಹತ್ತುತ್ತದೆ. ಕಣ್ಣಿಗೆ ಕಾಣುವ ಮೊದಲೇ ಔಷಧ ಹೊಡೆಯಬೇಕು, ಕಂಡ ಮೇಲೆ ಹೊಡೆದು ಹೆಚ್ಚು ಉಪಯೋಗವಿಲ್ಲ.

ಆ ವರ್ಷ ಬೇಸಿಗೆಯಲ್ಲೇ ಮಾವನವರು ಊಟದ ಎಲೆಯ ಮುಂದೆ ಕೂತು ಹೇಳಿದ್ದರು.

“ಮ್ಯಾಲಿನ ತೋಟಕ್ಕ ಔಷಧದ ಅಂಗಡ್ಯಾಂವ ಹೇಳಿದಂಗ ಹೊಡೀತೀವಿ. ಕೆಳಗಿನ ತುಕಡಿ ಈ ಸಲ ನಿಂದವ್ವಾ. ನಿನ್ನ ಕಂಬ ಹೆಂಗ ಹೇಳತೈತಿ ಹಂಗ. ಚಲೋ ಬಂತಂದ್ರ ಬರೂ ವರ್ಷ ಎಲ್ಲಾ ನೀ ಹೇಳಿದಂಗ.”

ನನ್ನ ನೆಗೆಣ್ಣಿ, ಮನೆಯ ಹಿರಿಯ ಸೊಸೆ, ಅಡುಗೆಮನೆಯ ಬಾಗಿಲಲ್ಲಿ ನಿಂತು, “ಮಾವಾರ, ಹಂಗಾದ್ರ ಒಲಿ ಪೂರಾ ನನಗ ಬಿಟ್ಟಂಗ ಆತಲ್ರಿ,” ಎಂದಳು. ಎಲ್ಲರೂ ನಕ್ಕರು. ನಾನೂ ನಕ್ಕೆ. ಕೈಯಲ್ಲಿದ್ದ ತಂಬಿಗೆಯಿಂದ ಮಾವನವರಿಗೆ ಇನ್ನಷ್ಟು ಮಜ್ಜಿಗೆ ಬಡಿಸಿದೆ. ಮದುವೆಯಾಗಿ ಅಷ್ಟು ವರ್ಷಕ್ಕೆ ಆ ಮನೆಯಲ್ಲಿ ‘ನಿಂದು’ ಎಂದು ಯಾರಾದರೂ ನನಗೆ ಹೇಳಿದ್ದು ಅದೇ ಮೊದಲು.

ಚಾಟಣಿ ಮುಗಿಯಿತು, ಐದಾರು ಎಲೆ ಬಂದವು. ಆಗಲೇ ಒಂದು ಸಂಜೆಯ ಸಿಡಿಲಿಗೆ ಕಂಬದ ಲೆಕ್ಕ ಓದುತ್ತಿದ್ದ ಲ್ಯಾಪ್‌ಟಾಪ್ ಸುಟ್ಟುಹೋಯಿತು. ಕಂಬ ಮಾರಿದ ಕಂಪನಿ ಯಾವಾಗಲೋ ಮುಚ್ಚಿತ್ತು. ಅವರ ನಂಬರಿಗೆ ಫೋನ್ ಮಾಡಿದರೆ ಟೈಲ್ಸ್ ಅಂಗಡಿಯವನೊಬ್ಬ ಎತ್ತಿಕೊಂಡು, ನಮ್ಮಲ್ಲಿ ಬಾತ್‌ರೂಮಿನದೂ ಸಿಗುತ್ತದೆ ಎಂದ. ನನ್ನ ಯಜಮಾನರು, “ದೀಪಾವಳಿಗೆ ಹೊಸಾದ ತರೂಣು, ಸ್ವಲ್ಪ ತಡಿ,” ಎಂದರು. ದೀಪಾವಳಿಯವರೆಗೆ ದಾವಣ್ಯಾ ತಡೆಯುವುದಿಲ್ಲ. ಮೇಲಾಗಿ ಆ ಪೆಟ್ಟಿಗೆಗೆ ನೆನಪಿನ ಶಕ್ತಿ ಕಡಿಮೆ. ಕೆಲವೇ ದಿನಗಳ ಲೆಕ್ಕ ಇಟ್ಟುಕೊಂಡು, ಹೊಸದು ಬಂದಂತೆ ಹಳೆಯದನ್ನು ಅಳಿಸುತ್ತಾ ಹೋಗುತ್ತದೆ.

ಮನೆಯಲ್ಲಿ ಉಳಿದಿದ್ದ ಕಂಪ್ಯೂಟರ್ ನನ್ನದು. ಯಜಮಾನರು ಮೂಲೆಗೆ ಹಾಕಿದ್ದ ಹಳೆಯ ಡಬ್ಬಿ. ಮಧ್ಯಾಹ್ನ ಎಲ್ಲರೂ ಮಲಗಿದಾಗ ಕೂತು ಅದರಲ್ಲಿ ಲಿನಕ್ಸ್ ಕಟ್ಟಿದ್ದೆ. ಕಟ್ಟಿದ್ದೆ ಎಂದೇ ಹೇಳಬೇಕು. ನನ್ನದು ಸಿದ್ಧ ತಂದು ಹಾಕಿಕೊಳ್ಳುವ ಜಾತಿಯದಲ್ಲ. ಪ್ರತಿ ತಂತ್ರಾಂಶದ ಮೂಲ ಕೋಡ್ ತಂದು ನಮ್ಮ ಯಂತ್ರದಲ್ಲೇ ಕಂಪೈಲ್ ಮಾಡಿಕೊಳ್ಳಬೇಕಾದದ್ದು. ಅಂಗಡಿಯ ಖಾರಪುಡಿ ತರುವ ಬದಲು ಮೆಣಸಿನಕಾಯಿ ಒಣಗಿಸಿ ಮನೆಯಲ್ಲೇ ಕುಟ್ಟಿಸಿದ ಹಾಗೆ. ಹೊತ್ತು ಹಿಡಿಯುತ್ತದೆ, ಆದರೆ ಒಳಗೆ ಏನೇನಿದೆ ಎಂಬುದು ಗೊತ್ತಿರುತ್ತದೆ. ನಾನು ಓದಿದ ಕಾನ್ವೆಂಟಿನಲ್ಲಿ ಸಿಸ್ಟರುಗಳು ಕಸೂತಿಯ ಹಿಂಬದಿಯನ್ನೂ ತಿರುಗಿಸಿ ನೋಡುತ್ತಿದ್ದರು, ಅಲ್ಲಿ ದಾರ ಗಂಟಾಗಿದ್ದರೆ ಬಿಚ್ಚಿಸುತ್ತಿದ್ದರು. ಆ ಗುಣ ಹೋಗಿಲ್ಲ.

ಕಂಬದ ಜೊತೆ ಬಂದಿದ್ದ ಸಿ.ಡಿ.ಯಲ್ಲಿ ಲಿನಕ್ಸಿಗೆಂದೇ ಒಂದು ಪ್ರೋಗ್ರಾಮ್ ಇತ್ತು. ಅದರ ಮೂಲ ಕೋಡ್ ಇರಲಿಲ್ಲ, ಸಿದ್ಧ ರೂಪ ಮಾತ್ರ. ಅದನ್ನೇ ಕರೆದಾಗ ಇಲ್ಲ ಎಂಬ ಉತ್ತರ ಬಂದದ್ದು.

ಅರ್ಧ ದಿನ ತಡಕಾಡಿದ ಮೇಲೆ ಕಾರಣ ಸಿಕ್ಕಿತು. ಆ ಪ್ರೋಗ್ರಾಮ್ ಹಳೆಯ ಮೂವತ್ತೆರಡು ಬಿಟ್ಟಿನದು, ಅಂದರೆ ಹಿಂದಿನ ಕಾಲದ ಯಂತ್ರಗಳ ಅಳತೆಗೆ ಹೊಲಿದದ್ದು. ನಾನು ಕಟ್ಟಿದ್ದು ಶುದ್ಧ ಅರವತ್ನಾಲ್ಕು ಬಿಟ್ಟಿನ ವ್ಯವಸ್ಥೆ. ಇಲ್ಲದ್ದು ಆ ಫೈಲಲ್ಲ. ಅದನ್ನು ಎತ್ತಿ ಓಡಿಸಬೇಕಾದ ಮೂವತ್ತೆರಡು ಬಿಟ್ಟಿನ ಲೋಡರ್ ಮತ್ತು ಅದರ ಬೆನ್ನಿಗಿರುವ, ಪ್ರೋಗ್ರಾಮುಗಳೆಲ್ಲ ಹಂಚಿಕೊಳ್ಳುವ ಲೈಬ್ರರಿಗಳು. ಸಿದ್ಧ ಲಿನಕ್ಸಿನಲ್ಲಾದರೆ ಇದು ಒಂದು ಆಜ್ಞೆಯ ಕೆಲಸ. ನನ್ನದರಲ್ಲಿ ಎಲ್ಲವನ್ನೂ ಎರಡೆರಡು ಸಲ ಕಟ್ಟಬೇಕು, ಒಂದೇ ಮನೆಯಲ್ಲಿ ಎರಡು ಬಗೆಯ ಲೈಬ್ರರಿ ಒಂದಕ್ಕೊಂದು ತಾಗದಂತೆ ಇರಿಸಬೇಕು.

ಮಾವನವರಿಗೆ ಹೇಳಿದೆ. “ಎರಡ ದಿನಾ ತಡೀರಿ ಮಾವಾರ. ಲೆಕ್ಕ ತಗದ ಹೇಳತೇನಿ.”

“ಆತು. ಮ್ಯಾಲಿಂದು ಹಬ್ಬಕ್ಕ ಮೊದಲ ಹೊಡದ ಬಿಡತೀವಿ. ಕೆಳಗಿಂದು ನೀ ಹೇಳಿದಾಗ.”

ಮೊದಲು ಕರ್ನಲ್, ಅಂದರೆ ಇಡೀ ವ್ಯವಸ್ಥೆಯ ತಿರುಳು. ಹಳೆಯ ಬಿಟ್ಟಿನ ಪ್ರೋಗ್ರಾಮುಗಳನ್ನು ಓಡಗೊಡುವ ಒಂದು ಆಯ್ಕೆಯನ್ನು ನಾನೇ ಹಿಂದೆ ಬೇಡವೆಂದು ತೆಗೆದುಹಾಕಿದ್ದೆ. ಅದನ್ನು ಸೇರಿಸಿ ಮತ್ತೆ ಕಟ್ಟಿದೆ. ಅದು ಸುಲಭವಾಗಿ ಆಯಿತು. ನಂತರ, ಮೂಲ ಕೋಡನ್ನು ಓಡುವ ರೂಪಕ್ಕೆ ತರುವ ಕಂಪೈಲರಿಗೆ ಮೂವತ್ತೆರಡು ಬಿಟ್ಟಿನಲ್ಲಿ ಕೋಡ್ ಮಾಡಿಕೊಡು ಎಂದೆ. ಒಂದು ಹೆಡರ್ ಫೈಲ್ ಇಲ್ಲ ಎಂದಿತು. ಅದು ಎಲ್ಲಿಂದ ಬರುತ್ತದೆ ಎಂದು ನೋಡಿದರೆ ಮೂವತ್ತೆರಡು ಬಿಟ್ಟಿನ ಸಿ ಲೈಬ್ರರಿಯಿಂದ. ಆ ಲೈಬ್ರರಿಯನ್ನು ಕಟ್ಟಲು ಹೊರಟರೆ, ಮೂವತ್ತೆರಡು ಬಿಟ್ಟು ಬಲ್ಲ ಕಂಪೈಲರ್ ಬೇಕು ಎಂದಿತು. ಅಂಥ ಕಂಪೈಲರನ್ನು ಕಟ್ಟಲು ಹೋದರೆ, ಮೂವತ್ತೆರಡು ಬಿಟ್ಟಿನ ಸಿ ಲೈಬ್ರರಿ ಮೊದಲು ಇರಬೇಕು ಎಂದಿತು.

ಅಡುಗೆಮನೆಗೆ ಹೋಗಿ ಹಾಲು ಕಾಯಿಸಿ, ಹೆಪ್ಪು ಹಾಕುವಾಗ ಅರ್ಥವಾಯಿತು. ಮೊಸರಾಗಲು ಮೊದಲೇ ಒಂದು ಚಮಚ ಮೊಸರು ಬೇಕು. ಮನೆಯಲ್ಲಿ ತೀರಿಹೋಗಿದ್ದರೆ ಪಕ್ಕದ ಮನೆಯಿಂದ ತರುತ್ತೇವೆ. ಇದಕ್ಕೂ ಎಲ್ಲಿಂದಲಾದರೂ ಒಂದು ಚಮಚ ತರಬೇಕು.

ತರಲು ನನಗೆ ಮನಸ್ಸಿರಲಿಲ್ಲ. ಇಡೀ ವ್ಯವಸ್ಥೆಯಲ್ಲಿ ಬೇರೆಯವರು ಕಟ್ಟಿದ ಒಂದು ಫೈಲೂ ಇರಲಿಲ್ಲ, ಅದನ್ನು ಕೆಡಿಸಲಾರೆ ಎಂದುಕೊಂಡೆ. ಸುತ್ತುದಾರಿ ಒಂದಿತ್ತು. ಲೈಬ್ರರಿಯ ಹಂಗಿಲ್ಲದ ಒಂದು ಅರೆಬರೆ ಕಂಪೈಲರನ್ನು ಮೊದಲು ಕಟ್ಟುವುದು, ಅದರಿಂದ ಸಿ ಲೈಬ್ರರಿಯನ್ನು ಎರಡೂ ಬಗೆಯಲ್ಲಿ ಕಟ್ಟುವುದು, ಆಮೇಲೆ ಅದರ ಮೇಲೆ ಪೂರ್ತಿ ಕಂಪೈಲರನ್ನು ಮತ್ತೆ ಕಟ್ಟುವುದು. ಅದನ್ನೇ ಹಿಡಿದೆ.

ಆ ಹಳೆಯ ಡಬ್ಬಿಯಲ್ಲಿ ಇವೆಲ್ಲ ಗಂಟೆಗಟ್ಟಲೆಯ ಕೆಲಸ. ಪಡಸಾಲೆಯಲ್ಲಿ ಬಿಸಿ ಧೂಳಿನ ವಾಸನೆ. ಫ್ಯಾನಿನ ಸದ್ದು ಏರಿದಾಗ ಅಡುಗೆಮನೆಯಿಂದಲೇ ಗೊತ್ತಾಗುತ್ತಿತ್ತು, ದೊಡ್ಡ ಫೈಲೊಂದು ಶುರುವಾಗಿದೆ ಎಂದು. ಸದ್ದು ಒಮ್ಮೆಗೇ ಇಳಿದರೆ ಹಿಟ್ಟಿನ ಕೈಯಲ್ಲೇ ಓಡುತ್ತಿದ್ದೆ. ಹಾಗೆ ಇಳಿಯುವುದು ತಪ್ಪು ಸಿಕ್ಕಿ ನಿಂತಾಗ ಮಾತ್ರ. ನೆಗೆಣ್ಣಿ ನಗುತ್ತಿದ್ದಳು. “ಏನ ಬೇ, ಕೂಸು ಎದ್ದತೇನ?”

ಮೊದಲ ಸಲ ಎಲ್ಲ ಮುಗಿದು ಹಿಗ್ಗಿನಿಂದ ಪರೀಕ್ಷಿಸಿದರೆ, ಮೂವತ್ತೆರಡರ ಫೋಲ್ಡರಿನಲ್ಲಿ ಕೂತಿದ್ದವೂ ಅರವತ್ನಾಲ್ಕರ ಲೈಬ್ರರಿಗಳೇ. ಹಿಂದಿನ ಪ್ರಯತ್ನದ ಸೆಟ್ಟಿಂಗುಗಳು ಕಟ್ಟುವ ಫೋಲ್ಡರಿನಲ್ಲಿ ಉಳಿದುಬಿಟ್ಟಿದ್ದವು. ಪಾತ್ರೆ ತೊಳೆಯದೆ ಅದರಲ್ಲೇ ಅಡುಗೆ ಮಾಡಿದಂತಾಗಿತ್ತು. ಎಲ್ಲ ಅಳಿಸಿ ಮತ್ತೆ ಮೊದಲಿನಿಂದ. ಎರಡನೇ ಸಲ ಕಂಪೈಲರ್ ತಪ್ಪು ಫೋಲ್ಡರಿನಲ್ಲಿ ಹುಡುಕಿ, ಸಿಕ್ಕದ್ದನ್ನೆಲ್ಲ ಹೊಂದುವುದಿಲ್ಲ, ಬಿಟ್ಟೆ, ಹೊಂದುವುದಿಲ್ಲ, ಬಿಟ್ಟೆ ಎಂದು ಸಾಲುಸಾಲಾಗಿ ಬರೆದು ನಿಂತಿತು. ದಾರಿ ತಿದ್ದಿ ಮತ್ತೆ ಹಚ್ಚಿದೆ. ಅಷ್ಟರಲ್ಲಿ ಮೇಲಿನ ತೋಟಕ್ಕೆ ಔಷಧ ಹೊಡೆದು ಮುಗಿದಿತ್ತು. ಔಷಧ ಸಿಂಪಡಿಸುವ ಬ್ಲೋವರ್ ಕಟ್ಟಿದ ಟ್ರ್ಯಾಕ್ಟರ್ ಕೆಳಗಿನ ತುಕಡಿಯ ಬದುವಿನ ತನಕ ಬಂದು, ನನ್ನ ಮಾತಿಗಾಗಿ ಕಾದಂತೆ ಒಂದು ಗಳಿಗೆ ನಿಂತು ಮನೆಗೆ ತಿರುಗಿತು.

ಖಂಡೇ ಪೂಜೆಯ, ಅಂದರೆ ಆಯುಧಪೂಜೆಯ ಮುಂಜಾನೆ ಕೆಲಸ ನಿರ್ಣಾಯಕ ಹಂತಕ್ಕೆ ಬಂತು. ಸಿ ಲೈಬ್ರರಿ ಎರಡೂ ಬಗೆಯಲ್ಲಿ ಸಿದ್ಧವಾಗಿ, ತಾತ್ಕಾಲಿಕ ಫೋಲ್ಡರಿನಿಂದ ನಿಜವಾದ ಜಾಗಕ್ಕೆ ಕೂರಬೇಕಿತ್ತು. ಯಂತ್ರದ ಪ್ರತಿಯೊಂದು ಆಜ್ಞೆಯೂ ಈ ಲೈಬ್ರರಿಯ ಮೇಲೆ ನಿಂತಿರುತ್ತದೆ. ಅದನ್ನು ಬದಲಿಸುವಾಗ ನಡುವೆ ನಿಂತರೆ ಏನೂ ಉಳಿಯುವುದಿಲ್ಲ. ಕರೆಂಟು ಹೋದರೂ ನಡೆಯಲೆಂದು ಇನ್ವರ್ಟರಿಗೆ ಜೋಡಿಸಿದ್ದೆ. ‘ಬಂದ್ ಮಾಡಬ್ಯಾಡ್ರಿ’ ಎಂದು ದೊಡ್ಡಕ್ಷರದಲ್ಲಿ ಬರೆದು ಪರದೆಗೆ ಅಂಟಿಸಿದ್ದೆ. ಯಜಮಾನರಿಗೆ ಬಾಯಿಬಿಟ್ಟು ಹೇಳಿದ್ದೆ. ಅವರು, “ಹೂಂ, ಹೇಳತೇನಿ ಅಪ್ಪಗ,” ಎಂದು ಚೆಂಡುಹೂ ತರಲು ಹೊರಗೆ ಹೋದರು.

ನಾನು ಹೋಳಿಗೆ ಬೇಯಿಸುತ್ತಿದ್ದೆ. ಫ್ಯಾನಿನ ಸದ್ದು ನಿಂತಿತು.

ಇಳಿದದ್ದಲ್ಲ, ನಿಂತದ್ದು. ತವೆಯ ಮೇಲಿನ ಹೋಳಿಗೆ ಬಿಟ್ಟು ಪಡಸಾಲೆಗೆ ಬಂದೆ. ಮಾವನವರು ಮಡಿಯುಟ್ಟು, ಕೈಯಲ್ಲಿ ಆರತಿ ತಟ್ಟೆ ಹಿಡಿದು ನಿಂತಿದ್ದರು. ಗೋಡೆಯ ಸ್ವಿಚ್ಚನ್ನೇ ಆರಿಸಿದ್ದರು. ಕಂಪ್ಯೂಟರಿಗೆ ವಿಭೂತಿಯ ಮೂರು ಬೆರಳು ಎಳೆದು, ಚೆಂಡುಹೂವಿನ ಮಾಲೆಯನ್ನು ಪರದೆಗೆ ಹಾಕಿದ್ದರು. ನನ್ನ ಚೀಟಿ ಮಾಲೆಯ ಹಿಂದೆ ಹೋಗಿತ್ತು. ಪವರ್ ಬಟನ್ನಿನ ಮೇಲೆ ಸರಿಯಾಗಿ ನಡುಮಧ್ಯೆ ಕುಂಕುಮ.

“ಮಾವಾರ, ಅದು ನಡದಿತ್ರಿ…”

“ಎಲ್ಲಾ ಬಂದ್ ಮಾಡೀನವ್ವಾ. ಮೋಟರ್, ಟ್ರ್ಯಾಕ್ಟರ್, ಬ್ಲೋವರ್. ವರ್ಷಕ್ಕ ಒಂದ ದಿನ ಅವಕ್ಕೂ ಇಸ್ರಾಂತಿ ಬ್ಯಾಡೇನ? ಇನ್ನ ನಾಳೆ ಬನ್ನಿ ಮುಡದ ಮ್ಯಾಲ ಮುಟ್ಟೂದು.”

ಅವರ ದನಿಯಲ್ಲಿ ಸಿಟ್ಟು ಇರಲಿಲ್ಲ. ಪ್ರೀತಿಯೇ ಇತ್ತು. ಕೆಲಸ ಮಾಡುವ ವಸ್ತುಗಳ ಸಾಲಿನಲ್ಲಿ ನನ್ನ ಡಬ್ಬಿಯನ್ನೂ ಸೇರಿಸಿ ಅದಕ್ಕೂ ಆರತಿ ಎತ್ತಿದ್ದರು. ಯಜಮಾನರು ಹೂವಿನ ಬುಟ್ಟಿ ಹಿಡಿದು ಬಾಗಿಲಲ್ಲಿ ನಿಂತಿದ್ದರು. ನನ್ನ ಮುಖ ನೋಡಿ, “ಅಯ್ಯ, ಮರತ ಬಿಟ್ಟೆ,” ಎಂದರು. ಒಳಗಿನಿಂದ ಹೋಳಿಗೆ ಸೀದ ವಾಸನೆ ಬಂತು. ಮಾವನವರು, “ಒಲಿ ಕಡೆ ನೋಡವ್ವಾ,” ಎಂದರು.

ಮಧ್ಯಾಹ್ನ ಮೋಡ ಕವಿದು ಹಸ್ತದ ಮಳೆ ಹಿಡಿಯಿತು. ದೊಡ್ಡ ಮಳೆಯಲ್ಲ, ಎಲೆಯನ್ನು ತೊಳೆದು ಹೋಗದೆ, ಎಲೆಯ ಮೇಲೇ ಕೂತುಕೊಳ್ಳುವ ಜಿಟಿಜಿಟಿ. ಹಿಂದಿನ ದಿನವೂ ಹಾಗೇ ಬಿದ್ದಿತ್ತು. ಗಂಡಸರು ಉಂಡು ಊರೊಳಗೆ ಹೋದರು. ನಾನು ಪಡಸಾಲೆಯಲ್ಲಿ ಕುಂಕುಮದ ಬಟನ್ ನೋಡುತ್ತಾ ಕೂತೆ. ಪೆಟ್ಟಿಗೆಯ ಪುಟ್ಟ ಹಸಿರು ದೀಪ ಮಿನುಗುತ್ತಿತ್ತು. ಅದಕ್ಕೆ ತನ್ನದೇ ಬ್ಯಾಟರಿ ಇತ್ತು, ಅದನ್ನು ಬಂದ್ ಮಾಡಲು ಮಾವನವರಿಗೆ ತಿಳಿದಿರಲಿಲ್ಲ. ಒಂದೊಂದು ಮಿನುಗಿಗೂ ಕೆಳಗಿನ ತುಕಡಿಯ ಒದ್ದೆ ಅದರೊಳಗೆ ಸೇರುತ್ತಿತ್ತು, ಹಳೆಯದೊಂದು ಅಳಿಯುತ್ತಿತ್ತು.

ಹೆಬ್ಬೆರಳಿನಿಂದ ಬಟನ್ ಒತ್ತಿದೆ.

ಕರ್ನಲ್ ಎದ್ದಿತು, ಮುಂದಿನದನ್ನು ಕರೆಯಿತು, ಕುಸಿಯಿತು. ಅಂದುಕೊಂಡಂತೆಯೇ ಆಗಿತ್ತು. ತವರಿನಿಂದ, ಚಿಕ್ಕೋಡಿಯಿಂದ ತಂದ ಟ್ರಂಕು ತೆಗೆದೆ. ಸರ್ಟಿಫಿಕೇಟುಗಳ ಕೆಳಗೆ ಕಾಲೇಜಿನ ಕಾಲದ ಒಂದು ಸಿ.ಡಿ. ಇತ್ತು, ಡಿಸ್ಕಿನಲ್ಲಿ ಏನೂ ಇಲ್ಲದಿದ್ದರೂ ತಾನೇ ಏಳುವ ಸಿದ್ಧ ಲಿನಕ್ಸ್. ಅದರಿಂದ ಯಂತ್ರ ಎಬ್ಬಿಸಿ, ನನ್ನ ಡಿಸ್ಕನ್ನು ತೆರೆದು ನೋಡಿದೆ. ಸಿ ಲೈಬ್ರರಿಯ ಮುಖ್ಯ ಫೈಲಿನ ಗಾತ್ರ ಸೊನ್ನೆ. ಹೆಸರಿದೆ, ಒಳಗೆ ಏನೂ ಇಲ್ಲ. ಪುಣ್ಯಕ್ಕೆ ತಾತ್ಕಾಲಿಕ ಫೋಲ್ಡರ್ ಹಾಗೇ ಉಳಿದಿತ್ತು. ಒಂದೊಂದೇ ಫೈಲಿನ ಗಾತ್ರ ಹೋಲಿಸಿ, ಕೆಟ್ಟವುಗಳನ್ನು ಕೈಯಿಂದ ನಕಲು ಮಾಡಿದೆ.

ನಕಲು ಮಾಡುವಾಗ ಕಣ್ಣಿಗೆ ಬಿತ್ತು. ಆ ಸಿ.ಡಿ. ಅಷ್ಟು ಹಳೆಯದಾದ್ದರಿಂದ ಪೂರ್ತಿ ಮೂವತ್ತೆರಡು ಬಿಟ್ಟಿನದು. ಇಷ್ಟು ದಿನ ಹೆಣಗಿ ಕಟ್ಟುತ್ತಿದ್ದ ಲೋಡರ್, ಸಿ ಲೈಬ್ರರಿ, ಯು.ಎಸ್.ಬಿ.ಯದು, ಪರದೆಯ ಮೇಲೆ ಕಿಟಕಿ ಬಿಡಿಸುವವು ಎಲ್ಲವೂ ಅದರಲ್ಲಿ ಸಾಲಾಗಿ ಕೂತಿದ್ದವು. ಟ್ರಂಕಿನ ತಳದಲ್ಲಿ, ನನ್ನ ಬಟ್ಟೆಗಳ ನಡುವೆ.

ಪೂರ್ತಿ ಕಂಪೈಲರ್ ಕಟ್ಟುವುದನ್ನು ಅಲ್ಲಿಗೇ ಕೈಬಿಟ್ಟೆ. ಕಸೂತಿಯ ಹಿಂಬದಿ ಗಂಟಾದರೆ ಆಗಲಿ. ಬೇಕೆನಿಸಿದ ಲೈಬ್ರರಿಗಳನ್ನು ಪ್ರತ್ಯೇಕ ಫೋಲ್ಡರಿನಲ್ಲಿ ಹಾಕಿದೆ, ನನ್ನವಕ್ಕೆ ತಾಗದಂತೆ. ಯಂತ್ರವನ್ನು ಅದರದೇ ಡಿಸ್ಕಿನಿಂದ ಎಬ್ಬಿಸಿದೆ, ಎದ್ದಿತು. ಕಂಬದ ಪ್ರೋಗ್ರಾಮನ್ನು ನೇರವಾಗಿ ಕರೆಯದೆ, ಎರವಲು ಲೋಡರನ್ನು ಹೆಸರು ಹಿಡಿದು ಕರೆದು, ಲೈಬ್ರರಿ ಇಲ್ಲಿದೆ, ಇದನ್ನು ಓಡಿಸು ಎಂದೆ. ಒಂದು ಲೈಬ್ರರಿ ಇಲ್ಲವೆಂದಿತು, ಕೊಟ್ಟೆ. ಇನ್ನೊಂದು ಕೇಳಿತು, ಅದನ್ನೂ ಕೊಟ್ಟೆ. ಮೂರನೆಯ ಸಲ ಪರದೆಯ ಮೇಲೆ ಬೂದುಬಣ್ಣದ ಹಳೆಯ ಕಾಲದ ಕಿಟಕಿಯೊಂದು ತೆರೆಯಿತು. ಮಾಲೆಯ ಹೂವೊಂದು ಅದರ ಮೂಲೆಗೆ ಅಡ್ಡ ನೇತಾಡುತ್ತಿತ್ತು. ಪೆಟ್ಟಿಗೆಯಿಂದ ಲೆಕ್ಕ ಇಳಿಯತೊಡಗಿತು.

“ಅಯ್ಯ, ಕುಂಕುಮ ಅಳಿಸೀದೇನ ಬೇ?”

ನೆಗೆಣ್ಣಿ ಹಿಂದೆ ನಿಂತಿದ್ದಳು. ನನ್ನ ಹೆಬ್ಬೆರಳು ಕೆಂಪಾಗಿತ್ತು, ಕೀಲಿಮಣೆಯ ಉದ್ದ ಕೀಲಿಯ ಮೇಲೂ ಕೆಂಪು.

“ಅಕ್ಕಾ, ಮಾವಾರಿಗೆ ಹೇಳಬ್ಯಾಡ್ರಿ.”

“ನಾ ಯಾಕ ಹೇಳಲಿ?” ದೇವರಮನೆಯಿಂದ ಬಟ್ಟಲು ತಂದು, ತನ್ನ ಉಂಗುರ ಬೆರಳಿನಿಂದ ಬಟನ್ನಿನ ಮೇಲೆ ಮತ್ತೆ ಕುಂಕುಮವಿಟ್ಟಳು. ಮಾವನವರು ಇಟ್ಟಿದ್ದಕ್ಕಿಂತ ದುಂಡಗೆ ಬಂತು. ಆ ಗಳಿಗೆಯಲ್ಲಿ ಅವಳ ಕೈ ಹಿಡಿದುಕೊಳ್ಳಬೇಕು ಅನ್ನಿಸಿತು.

ಒದ್ದೆ ತೋರಿಸುವ ನಕ್ಷೆಯಲ್ಲಿ ಎರಡು ದಿನಗಳ ಗೆರೆ ಮೇಲೇ ನಿಂತಿತ್ತು, ಕೆಳಗೆ ಇಳಿದೇ ಇರಲಿಲ್ಲ. ಎಲೆ ಆರಿಯೇ ಇರಲಿಲ್ಲ. ಮರುದಿನ ಬೆಳಿಗ್ಗೆ ಚಹಾ ಕೊಡುವಾಗ ಮಾವನವರಿಗೆ ಹೇಳಿದೆ.

“ಇವತ್ತ ಹೊಡೀಬೇಕ್ರಿ ಮಾವಾರ, ಕೆಳಗಿನ ತುಕಡಿಗೆ. ತಡಾ ಮಾಡೂಹಂಗಿಲ್ಲ.”

ಅವರು ಬಟ್ಟಲು ಕೆಳಗಿಟ್ಟರು. “ಇವತ್ತ? ದಸರಾ ಐತಿ. ಬ್ಲೋವರಿಗೆ ಮಾಲಿ ಹಾಕೇನಿ.”

“ಅದರ ಮಾಲಿ ನಾ ತಗೀತೇನ್ರಿ.”

“ಸಂಜೀಕ ಬನ್ನಿ ಮುಡೂದೈತಿ. ಆಳ ಎಲ್ಯದಾನ? ಅವನ ಮನ್ಯಾಗ ಹಬ್ಬಿಲ್ಲೇನ? ನಾಳೆ ಹೊಡದ್ರಾತು. ಒಂದ ದಿನದಾಗ ಏನ ಮುಣಗತೈತಿ?”

ಯಜಮಾನರತ್ತ ನೋಡಿದೆ. ಅವರು ಬಸಿಯಲ್ಲಿನ ಚಹಾ ಊದುತ್ತಿದ್ದರು. ಆರಿಹೋದ ಚಹಾವನ್ನು.

ಸಂಜೆ ಬನ್ನಿ ಕೊಟ್ಟು ಎಲ್ಲರ ಕಾಲಿಗೆ ಬಿದ್ದೆ. ಬಂಗಾರದಂಗ ಇರೂಣು ಎಂದು ಮಾವನವರು ನನ್ನ ಅಂಗೈಯಲ್ಲಿ ಎಲೆ ಇಟ್ಟರು. ಎಲೆ ಒದ್ದೆಯಿತ್ತು. ಆ ರಾತ್ರಿ ಜೋರು ಮಳೆಯಾಯಿತು. ಮರುದಿನ ತಗ್ಗಿನ ಕೆಸರಿಗೆ ಟ್ರ್ಯಾಕ್ಟರ್ ಇಳಿಯಲಿಲ್ಲ, ಅದರ ಮರುದಿನವೂ ಇಳಿಯಲಿಲ್ಲ. ಕೊನೆಗೆ ಹೊಡೆದಾಗ ಎಲೆಗಳ ಮೇಲೆ ಎಣ್ಣೆ ಬಿದ್ದಂಥ ಹಳದಿ ಕಲೆಗಳು ಆಗಲೇ ಕಂಡಿದ್ದವು. ತಿರುಗಿಸಿದರೆ ಕೆಳಗೆ ಹತ್ತಿಯಂಥ ಬಿಳಿ ಬೂಜು. ಹೂವಿನ ಗೊಂಚಲುಗಳು ಬಾಡಿ, ಕಂದಾಗಿ, ಮುಟ್ಟಿದರೆ ಪುಡಿಯಾದವು. ಬದುವಿನಾಚೆ ಮೇಲಿನ ತೋಟ ಹಸಿರಾಗಿ ನಿಂತಿತ್ತು. ಅಂಗಡಿಯವನು ಹೇಳಿದ ದಿನ ಅಲ್ಲಿ ಔಷಧ ಬಿದ್ದಿತ್ತು.

ನಷ್ಟದ ಬಗ್ಗೆ ಮಾವನವರು ಒಂದು ಮಾತೂ ಆಡಲಿಲ್ಲ. ಆಡಿದ್ದು ಬೇರೆ. ಒಂದು ದಿನ ಊಟ ಬಡಿಸುತ್ತಿದ್ದಾಗ, ಎಲೆಯ ಮೇಲಿನಿಂದ ಕಣ್ಣೆತ್ತದೆ ಕೇಳಿದರು.

“ಖಂಡೇ ಪೂಜಿ ದಿನಾ ಕಂಪೂಟರ್ ಮುಟ್ಟಿದ್ದಿ ಅಂತಲ್ಲವ್ವಾ?”

ನಾನು ನೆಗೆಣ್ಣಿಯತ್ತ ನೋಡಿದೆ. ಅವಳು ರೊಟ್ಟಿಯ ಬುಟ್ಟಿಯಲ್ಲಿ ಏನೋ ಹುಡುಕುತ್ತಿದ್ದಳು.

“ಹೌದ್ರಿ.”

“ಅದಕ್ಕ ಮತ್ತ. ಪೂಜಿ ಮಾಡಿದ್ದನ್ನ ಎಬ್ಬಿಸಬಾರದು. ತುಕಡಿ ನಿನ್ನ ಹೆಸರಿಲೆ ಬಿಟ್ಟಿದ್ನಿ, ನಿನ್ನ ತುಕಡಿಗೇ ಹತ್ತಿತು ನೋಡು. ಮ್ಯಾಲಿಂದಕ್ಕ ಏನೂ ಆಗಲಿಲ್ಲ.”

ಹೇಳಲು ನನ್ನ ಬಳಿ ಎಲ್ಲವೂ ಇತ್ತು. ಒದ್ದೆಯ ಗೆರೆ ಇತ್ತು, ತಾರೀಖು ಇತ್ತು, ಆರಿಸಿದ ಸ್ವಿಚ್ಚು ಇತ್ತು, ಮರೆತ ಮಾತಿತ್ತು. ಯಜಮಾನರು ಪಕ್ಕದಲ್ಲೇ ಉಣ್ಣುತ್ತಿದ್ದರು. ಅವರು ಬಾಯಿ ತೆರೆಯುತ್ತಾರೆಂದು ಕಾದೆ. ತೆರೆದರು. “ಇನ್ನೊಂದ ಸೌಟು ಸಾರ ಹಾಕು,” ಎಂದರು. ಹಾಕಿದೆ.

ಮರುವರ್ಷ ಕೆಳಗಿನ ತುಕಡಿಯ ಬಳ್ಳಿ ಕಿತ್ತು ಕಬ್ಬು ನೆಟ್ಟರು. ಕಂಬವನ್ನು ಕಿತ್ತು ತಂದು ಹಿತ್ತಲಿನಲ್ಲಿ ನಿಲ್ಲಿಸಿದ್ದಾರೆ, ಅದಕ್ಕೆ ಹಗ್ಗ ಕಟ್ಟಿ ಬಟ್ಟೆ ಒಣಹಾಕುತ್ತೇವೆ. ಬಿಳಿ ತಗಡಿನ ಎಲೆ ಅದರ ತುದಿಯಲ್ಲಿ ಇನ್ನೂ ಇದೆ. ಹೊಸ ಲ್ಯಾಪ್‌ಟಾಪ್ ಬಂದಿದೆ, ಅದರಲ್ಲಿ ಯಜಮಾನರು ಕ್ರಿಕೆಟ್ ನೋಡುತ್ತಾರೆ. ನನ್ನ ಡಬ್ಬಿ ಪಡಸಾಲೆಯ ಅದೇ ಮೂಲೆಯಲ್ಲಿದೆ.

ಈ ಸಲದ ಖಂಡೇ ಪೂಜೆಗೆ ಮಾವನವರು ಆರತಿ ತಟ್ಟೆ ಹಿಡಿದು ಅದರ ಮುಂದೆ ಬಂದು ನಿಂತರು. ಗೋಡೆಯ ಸ್ವಿಚ್ಚಿಗೆ ಕೈ ಹಾಕಿದವರು ಅಲ್ಲೇ ತಡೆದು, ಅಡುಗೆಮನೆಯ ಕಡೆ ತಿರುಗಿ ಕೂಗಿದರು.

“ಯವ್ವಾ, ಇದನ್ನ ಬಂದ್ ಮಾಡ್ಲೇನ? ಏನರ ನಡದಿದ್ರ ಹೇಳು, ನಿಂದರತೇನಿ.”

ಹಿಟ್ಟಿನ ಕೈ ಒರೆಸಿಕೊಳ್ಳುತ್ತಾ ಬಾಗಿಲಿಗೆ ಬಂದೆ. ಅವರು ನಿಜವಾಗಿಯೂ ಕಾಯುತ್ತಿದ್ದರು, ಒಂದು ಕೈ ಸ್ವಿಚ್ಚಿನ ಮೇಲೆ, ಇನ್ನೊಂದು ಕೈಯಲ್ಲಿ ದೀಪ ಅಲುಗದಂತೆ ತಟ್ಟೆ.

“ಮಾಡ್ರಿ ಮಾವಾರ,” ಎಂದೆ. “ಈಗೇನೂ ನಡದಿಲ್ರಿ.”